ಚಾವಡಿಯ ಜಗಲಿ, ಪುರಭವನದ ಮೆಟ್ಟಿಲು

ಊರಿನ ಸ್ಮರಣ ಸಂಚಿಕೆಯೆಂದರೆ ದೇವಸ್ಥಾನದಿಂದ ಶುರುಮಾಡುವುದು ರೂಢಿ. ದೇವರ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಕಚೇರಿಗಳ ಕಡೆ ಹೊರಡುತ್ತೇನೆ. ನಮ್ಮ ಬಿಳಿಗೆರೆ ಹೋಬಳಿ ಕೇಂದ್ರ. ಪಹಣಿಗೋ, ಆದಾಯ ಪ್ರಮಾಣಪತ್ರಕ್ಕೋ ನಾಡಕಚೇರಿಯ ಮುಂದೆ ನಿಂತು ಬಾರದ ಮನೆ ಈ ಹೋಬಳಿಯಲ್ಲಿ ಇರಲಾರದು. ಇಲ್ಲಿ ಬಗೆಹರಿಯದಿದ್ದರೆ ನಂಜನಗೂಡು, ಅಲ್ಲೂ ಆಗದಿದ್ದರೆ ಮೈಸೂರು. ನಮ್ಮ ಹಿರಿಯರು ಸವೆಸಿದ್ದೂ ಇದೇ ದಾರಿ.

ಮೊದಲು ಇದ್ದದ್ದು ಚಾವಡಿ. ನಮ್ಮ ಸೀಮೆಯ ಹಳೆಯ ಚಾವಡಿಗಳಿಗೆ ಕಲ್ಲುಕಂಬ, ನಾಡಹೆಂಚಿನ ಮಾಡು, ಮುಂದೆ ಎತ್ತರದ ಜಗಲಿ. ಕಂದಾಯ ವಸೂಲಿ, ಜಮಾಬಂದಿ, ಊರ ನ್ಯಾಯ ಎಲ್ಲಕ್ಕೂ ಅದೇ ಜಾಗ. ಕಟ್ಟಡದಲ್ಲಿ ನಿಜವಾಗಿ ಮಾತಾಡುತ್ತಿದ್ದದ್ದು ಗೋಡೆಯಲ್ಲ, ಜಗಲಿ. ಯಾರು ಅದರ ಮೇಲೆ ಕೂರಬೇಕು, ಯಾರು ಕೆಳಗೆ ಅಂಗಳದಲ್ಲಿ ನಿಂತೇ ಅಹವಾಲು ಹೇಳಬೇಕು ಎಂಬುದನ್ನು ಜಾತಿ ಗೊತ್ತುಮಾಡಿತ್ತು. 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ರದ್ದಾದವು. ದಫ್ತರ ಜಗಲಿ ಇಳಿಯಿತು. ಜಗಲಿಯ ಅಭ್ಯಾಸ ಇಳಿಯಲು ಇನ್ನೂ ಬಹಳ ಕಾಲ ಬೇಕಾಯಿತು.

ಜಗಲಿಯಿಂದ ಮೈಸೂರಿನ ಪುರಭವನಕ್ಕೆ ಹೋಗೋಣ. 1876-78ರ ಕ್ಷಾಮ ಸಂಸ್ಥಾನವನ್ನು ಹಣ್ಣುಮಾಡಿ ಹೋಗಿತ್ತು. ಅದಾಗಿ ಮೂರೇ ವರ್ಷಕ್ಕೆ, 1881ರ ಮಾರ್ಚಿನಲ್ಲಿ, ಬ್ರಿಟಿಷರು ಆಡಳಿತವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ದಿವಾನರಾದ ಸಿ. ರಂಗಾಚಾರ್ಲು ಅದೇ ವರ್ಷದ ಅಕ್ಟೋಬರಿನಲ್ಲಿ ದಸರೆಯ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆ ಕರೆದರು. ಬಂದವರು 144 ಮಂದಿ, ರೈತರು ಮತ್ತು ವರ್ತಕರು. ಬೆಂಗಳೂರಿನ ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ, ನಂಜನಗೂಡು ಮುಟ್ಟಿದ್ದು 1891ರಲ್ಲಿ. ಹಾಗಾಗಿ ಮೊದಲ ಸಭೆಗೆ ನಂಜನಗೂಡಿನ ಕಡೆಯಿಂದ ಹೋದವರು ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಪಿಲೆಯ ಸೇತುವೆ ದಾಟಿ ಗಾಡಿಯಲ್ಲೇ ಹೋಗಿರಬೇಕು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ದಿವಾನರು ವರ್ಷದ ಜಮಾಖರ್ಚು ಒಪ್ಪಿಸುತ್ತಿದ್ದರು, ಇವರು ಕೆರೆ, ರಸ್ತೆ, ಕಂದಾಯದ ಕಷ್ಟ ಹೇಳಿಕೊಳ್ಳುತ್ತಿದ್ದರು. ಬಂದವರೆಲ್ಲ ಜಮೀನು, ವ್ಯಾಪಾರ ಉಳ್ಳವರೇ. ಚಾವಡಿಯಲ್ಲಿ ಜಗಲಿಯ ಮೇಲೆ ಕೂರುತ್ತಿದ್ದವರೇ ಇಲ್ಲೂ ಕೂತರು ಎನ್ನಬಹುದು. ಆದರೂ ದೊರೆತನದ ಲೆಕ್ಕವನ್ನು ಪ್ರಜೆಗಳ ಮುಂದೆ ಓದುವ ಪದ್ಧತಿ ಶುರುವಾಯಿತಲ್ಲ, ಅದು ಸಣ್ಣದಲ್ಲ.

ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಮೇಲೆದ್ದದ್ದೇ ರಂಗಾಚಾರ್ಲು ಪುರಭವನ. ಜನರ ಬಾಯಲ್ಲಿ ಅದು ಟೌನ್ ಹಾಲ್. ಗ್ರೀಕ್-ರೋಮನ್ ಮಾದರಿಯ ಕಂಬಗಳ ಸಾಲು ಅದರ ಮುಖ. ಆ ಕಾಲದಲ್ಲಿ ಲೋಕದ ಎಷ್ಟೋ ನಗರಗಳು ಸಾರ್ವಜನಿಕ ಕಟ್ಟಡಕ್ಕೆ ಇಂಥದೇ ಕಂಬಗಳನ್ನು ತೊಡಿಸುತ್ತಿದ್ದವು. ನಮ್ಮವರ ಕಣ್ಣಿಗೆ ಅದು ಪರದೇಶದ್ದಾಗಿ ಕಾಣಲಿಲ್ಲವೆಂದು ನನ್ನ ಊಹೆ: ಕಂಬ, ಕಂಬದ ಹಿಂದೆ ನೆರಳು, ನೆರಳಲ್ಲಿ ಕೂರುವ ಕಟ್ಟೆ, ಚಾವಡಿಯಲ್ಲಿ ಇದ್ದದ್ದೂ ಇದೇ. ಪಕ್ಕದ ದೊಡ್ಡ ಗಡಿಯಾರ 1927ರದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆಯ ನೌಕರರು ಕಟ್ಟಿಸಿದ್ದು. 75 ಅಡಿ ಎತ್ತರ, ಮುಖದ ಮೇಲೆ ಕನ್ನಡದ ಅಂಕಿಗಳು. ಗಂಟೆಯ ಸದ್ದಿನಿಂದ ಗೋಪುರಕ್ಕೆ ಪೆಟ್ಟೆಂದು ಗಂಟೆಯನ್ನೇ ನಿಲ್ಲಿಸಿದ್ದಾರೆ.

ಇಂಥ ಕಟ್ಟಡಗಳ ಕಾಯಿಲೆ ನಮ್ಮೂರಿನ ಗಾರೆ ಕೆಲಸದವರಿಗೆ ಚೆನ್ನಾಗಿ ಗೊತ್ತು. ಹಳೆಯ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಮಳೆಗೆ ತೇವ ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಕೂತು ಇಟ್ಟಿಗೆಯನ್ನು ಪುಡಿಮಾಡುತ್ತದೆ. ತಾರಸಿಯ ಬಿರುಕಿನಲ್ಲಿ ಹಕ್ಕಿ ಹಾಕಿದ ಅರಳಿಬೀಜ ಮೊಳೆತರೆ ಮಿಕ್ಕ ಕೆಲಸ ಬೇರು ನೋಡಿಕೊಳ್ಳುತ್ತದೆ. ನಮ್ಮ ಹುಡುಗರು ಕಾಲೇಜಿನ ಪುಸ್ತಕಕ್ಕೆ ಹೋಗುತ್ತಿದ್ದ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷ ಬಿಟ್ಟು, ಅದೂ ಆಗಸ್ಟಿನಲ್ಲೇ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ನಂಜನಗೂಡು ರಸಬಾಳೆ, ವೀಳ್ಯದೆಲೆ ಮಾರಲು ಈ ಕಡೆಯವರು ಹೋಗುತ್ತಿದ್ದ ಮಾರುಕಟ್ಟೆ ಅದು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು. ಆ ವಾದಕ್ಕೆ ತಗುಲಿದ ಹೊತ್ತಿನಲ್ಲಿ ಅರಳಿಗಿಡಗಳನ್ನಾದರೂ ಕೀಳಬಹುದಿತ್ತು.

ಊರಿಗೆ ಮರಳಿದರೆ, 1983ರ ಕಾಯ್ದೆ ಮಂಡಲ ಪಂಚಾಯ್ತಿ ತಂದಿತು, 1993ರದು ಗ್ರಾಮ ಪಂಚಾಯ್ತಿ. ಉದ್ಯೋಗ ಖಾತ್ರಿಯ ಹಣದಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ರಾಜೀವ್ ಗಾಂಧಿ ಸೇವಾ ಕೇಂದ್ರಗಳು ಎದ್ದವು, ಹೆಚ್ಚುಕಡಿಮೆ ಒಂದೇ ಅಚ್ಚಿನವು. ಚೆಂದವೇನೂ ಅಲ್ಲ. ಬಹುತೇಕ ಕಡೆ ಮುಂದೆ ನೆರಳಿಲ್ಲ, ಕೂರಲು ಕಟ್ಟೆಯಿಲ್ಲ. ಕಾಯುವವರು ಬಿಸಿಲಲ್ಲಿ ನಿಲ್ಲುತ್ತಾರೆ. ಆದರೆ ಒಳಗಿನ ಮೀಸಲು ಕುರ್ಚಿಯಲ್ಲಿ ದಲಿತ ಹೆಣ್ಣುಮಗಳು ಅಧ್ಯಕ್ಷೆಯಾಗಿ ಕೂರುತ್ತಾಳೆ. ಚೆಂದದ ಕಲ್ಲುಕಂಬದ ಚಾವಡಿ ಆ ಕೆಲಸ ಎಂದೂ ಮಾಡಿರಲಿಲ್ಲ.

ಪುರಭವನದ ಮುಂದೆ ಈಗ ಅಂಬೇಡ್ಕರರ ಪ್ರತಿಮೆಯಿದೆ. ಧರಣಿ, ಮೆರವಣಿಗೆಗಳು ಅಲ್ಲಿಂದ ಹೊರಡುತ್ತವೆ. ಭೂಮಿಯ ಅರ್ಜಿ ಹಿಡಿದು ಮೈಸೂರಿಗೆ ಹೋದ ನಮ್ಮ ಕಡೆಯವರು ಮಧ್ಯಾಹ್ನ ಬುತ್ತಿ ಬಿಚ್ಚುವುದೂ ಅದರ ಮೆಟ್ಟಿಲ ಮೇಲೆಯೇ. ಎದ್ದು ಹೋಗಿ ಎಂದು ಯಾರೂ ಹೇಳಿದ್ದನ್ನು ನಾನು ಕಂಡಿಲ್ಲ.