ಥಂಡಿ ಅಲ್ಲ, ಹೂವಿನ ಹುಡಿ: ಬಳ್ಳಾರಿ ಜಾಲಿ ನಮ್ಮ ಹಿತ್ತಲಿಗೆ ಬಂದ ಕಥೆ

ಬನದ ಹುಣ್ಣಿವೆ ಹತ್ತಿರ ಬಂದರೆ ಬಾದಾಮಿ ಸೀಮೆಯಲ್ಲಿ ಬನಶಂಕರಿ ಜಾತ್ರೆಯ ಸಂಭ್ರಮ. ಅದೇ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಸೀನೂ ಶುರುವಾಗುತ್ತದೆ.

ನಮ್ಮ ಗೆಳೆಯನೊಬ್ಬನ ಅವ್ವ ಹುನಗುಂದ ಕಡೆಯವರು. ಸಂಕ್ರಾಂತಿಯಿಂದ ಶಿವರಾತ್ರಿ ತನಕ ಬೆಳಗ್ಗೆ ಎದ್ದ ಕೂಡಲೇ ಹತ್ತು-ಹದಿನೈದು ಸೀನು, ಕಣ್ಣಲ್ಲಿ ನೀರು, ಮೂಗಲ್ಲಿ ತುರಿಕೆ. "ಥಂಡಿ ಆಗೇತಿ, ಹೊಕ್ಕೈತಿ ಬಿಡು" ಎನ್ನುತ್ತಲೇ ವರ್ಷಗಳನ್ನು ದೂಡಿದರು. ಶುಂಠಿ ಕಷಾಯ ಆಯಿತು, ಊರಲ್ಲೇ ಸೂಜಿಯೂ ಆಯಿತು. ಒಂದು ರಾತ್ರಿ ಉಸಿರು ಕಟ್ಟಿದಾಗ ಬಾಗಲಕೋಟೆಗೆ ಕರೆದುಕೊಂಡು ಹೋದೆವು. ಇದು ಅಲರ್ಜಿ, ಈಗ ಉಬ್ಬಸಕ್ಕೆ ತಿರುಗಿದೆ ಎಂದರು ವೈದ್ಯರು. ಮನೆ ಸುತ್ತ ಯಾವ ಗಿಡಗಳಿವೆ ಎಂದೂ ಕೇಳಿದರು. ಹಿತ್ತಲಿಂದ ಹಳ್ಳದ ತನಕ ಇದ್ದದ್ದು ಹೆಚ್ಚಾಗಿ ಒಂದೇ ಗಿಡ, ಬಳ್ಳಾರಿ ಜಾಲಿ.

ಆ ಗಿಡ ಎಲ್ಲಿಂದ ಬಂತು, ಈ ಕಾಯಿಲೆ ಯಾವಾಗ ಗೊತ್ತಾಯಿತು ಎಂದು ಹುಡುಕುತ್ತ ಹೋದೆವು. ಎರಡೂ ಕಥೆ ಹೆಚ್ಚುಕಡಿಮೆ ಒಂದೇ ಕಾಲದವು.

ಮೊದಲು ಕಾಯಿಲೆಯ ಕಥೆ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ ತನಗೇ ಪ್ರತಿ ಬೇಸಿಗೆಯಲ್ಲಿ ಬರುತ್ತಿದ್ದ ಸೀನು, ಕಣ್ಣುರಿಯ ಬಗ್ಗೆ ಬರೆದ. ಕಾರಣ ಮಾತ್ರ ಸಿಗಲಿಲ್ಲ. ಅದನ್ನು ಹಿಡಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲಾಕ್ಲಿ. ಅವನೂ ವೈದ್ಯ, ಅವನೂ ಅದೇ ಕಾಯಿಲೆಯ ರೋಗಿ. ಹೂವಿನ ಹುಡಿಯನ್ನು, ಅಂದರೆ ಪರಾಗವನ್ನು, ತನ್ನ ಮೂಗಿಗೆ ತಾನೇ ಹಚ್ಚಿಕೊಂಡು ನೋಡಿದ. ಅಂಟು ಸವರಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಮೇಲಿನ ಗಾಳಿಯಲ್ಲೂ ಹುಡಿ ಇದೆಯೇ ಎಂದು ಎಣಿಸಿದ. 1873ರಲ್ಲಿ ಪುಸ್ತಕ ಬರೆದು, ಇದಕ್ಕೆ ಮೂಲ ಹೂವಿನ ಹುಡಿ ಎಂದು ತೋರಿಸಿದ. 'ಅಲರ್ಜಿ' ಎಂಬ ಪದವನ್ನು ಕ್ಲೆಮೆನ್ಸ್ ವಾನ್ ಪಿರ್ಕೆ ಎಂಬ ವೈದ್ಯ ಕೊಟ್ಟದ್ದು 1906ರಲ್ಲಿ.

ಬ್ಲಾಕ್ಲಿ ಪುಸ್ತಕ ಬಂದ ಮೂರು ವರ್ಷಕ್ಕೆ ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟಿತು. 1876ರಿಂದ 1878ರ ತನಕ ದೊಡ್ಡ ಬರ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲ ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿದ್ದವು. ಆ ಬರದಲ್ಲಿ ತುಂಬಾ ನರಳಿದ ಜಿಲ್ಲೆಗಳಲ್ಲಿ ಇದೂ ಒಂದು.

ಅತ್ತ ಮದ್ರಾಸ್ ಪ್ರಾಂತ್ಯದ ಅರಣ್ಯ ಅಧಿಕಾರಿಗಳು ಒಣ ನೆಲದಲ್ಲಿ ಬೇಗ ಬೆಳೆದು ಸೌದೆ ಕೊಡುವ ಮರ ಹುಡುಕುತ್ತಿದ್ದರು. 1877ರಲ್ಲಿ ಜಮೈಕಾ ದ್ವೀಪದಿಂದ ಬೀಜ ತರಿಸಿ, ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ನೆಟ್ಟರು. ಅದೇ ನಮ್ಮ ಬಳ್ಳಾರಿ ಜಾಲಿ. ಹೆಸರಲ್ಲಿ ಬಳ್ಳಾರಿ ಇದ್ದರೂ ತವರು ಅಮೆರಿಕ ಖಂಡ. ನಾವು ದಸರೆಗೆ ಪೂಜಿಸುವ ಬನ್ನಿಗೆ ಇದು ದಾಯಾದಿ.

ಆಮೇಲೆ ಅದನ್ನು ಹರಡಲು ಸರ್ಕಾರವೇ ಬೇಕಾಗಲಿಲ್ಲ. ಸಿಹಿ ಕಾಯಿ ತಿಂದ ಆಡು, ಕುರಿ, ದನ ಹಿಕ್ಕೆ, ಸಗಣಿಯಲ್ಲಿ ಬೀಜ ಹಾಕುತ್ತ ಹೋದವು. ಎಲೆಯನ್ನು ದನ ಮುಟ್ಟುವುದಿಲ್ಲ. ಬುಡ ಬಿಟ್ಟು ಕಡಿದರೆ ಒಂದಕ್ಕೆ ನಾಲ್ಕು ಚಿಗುರುತ್ತದೆ. ಹಳ್ಳ, ಕೆರೆಯಂಗಳ, ರೈಲು ಹಳಿಯ ಬದಿ ಎಲ್ಲವೂ ಅದರದೇ ಆಯಿತು.

ಈ ಗಿಡ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುತ್ತದೆ. ಚಳಿ ಇಳಿಯುವ ಕಾಲ ಅದರಲ್ಲೊಂದು. ಜೇನು ಕೂರುವ ಹೂವಾದರೂ ಹುಡಿ ಗಾಳಿಗೂ ಸೇರುತ್ತದೆ. ಅದರಿಂದ ಅಲರ್ಜಿ ಆಗುತ್ತದೆಂದು ರಾಜಸ್ಥಾನ, ದೆಹಲಿಯ ವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಕಾಡಿನ ತಪಸಿ ಮರವೂ ಇದೇ ಹೊತ್ತಿಗೆ ಎಲೆ ಉದುರಿಸಿ ಹೂ ಬಿಡುತ್ತದೆ. ಅದರ ಹುಡಿಯನ್ನು ಗಾಳಿಯೇ ಹೊರುತ್ತದೆ.

ಹಾಗಂತ ಎಲ್ಲ ಸೀನಿಗೂ ಜಾಲಿಯೇ ಕಾರಣವಲ್ಲ. ಜೋಳದ ರಾಶಿಯ ಧೂಳು, ಇಳಕಲ್ಲಿನ ಮಗ್ಗದ ನೂಲಿನ ಧೂಳು, ಒಲೆಯ ಹೊಗೆ ಇವೂ ಮೂಗು ಕೆಣಕುತ್ತವೆ. ಖಚಿತವಾಗಿ ತಿಳಿಯಲು ವೈದ್ಯರಲ್ಲಿ ಚರ್ಮದ ಪರೀಕ್ಷೆ ಇದೆ. ಅದಕ್ಕೂ ಮೊದಲು ಬ್ಲಾಕ್ಲಿ ಮಾಡಿದ್ದನ್ನು ನಾವೂ ಸ್ವಲ್ಪ ಮಾಡಬಹುದು. ಮೂಗಿಗೆ ಹುಡಿ ಹಚ್ಚಿಕೊಳ್ಳುವುದು ಮಾತ್ರ ಬೇಡ! ಯಾವ ದಿನ ಸೀನು ಜಾಸ್ತಿ, ಅಂದು ಎಲ್ಲಿದ್ದೆವು, ಯಾವ ಗಿಡ ಹೂ ಬಿಟ್ಟಿತ್ತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ವೈದ್ಯರಿಗೆ ಅದನ್ನು ತೋರಿಸಿ.

ನೆಗಡಿ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನಕ್ಕೆ ಹೋಗುತ್ತದೆ. ಪ್ರತಿ ವರ್ಷ ಅದೇ ತಿಂಗಳು, ಜ್ವರವಿಲ್ಲದೆ, ತುರಿಕೆಯೊಂದಿಗೆ ವಾರಗಟ್ಟಲೆ ಇದ್ದರೆ ಅಲರ್ಜಿ ಇರಬಹುದು. ಹೂವಿನ ಕಾಲದಲ್ಲಿ ಹೊರಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿ. ಮನೆಗೆ ಬಂದು ಮುಖ ತೊಳೆದು ಬಟ್ಟೆ ಬದಲಿಸಿ. ಗುಳಿಗೆಯನ್ನೂ ಮೂಗಿಗೆ ಹೊಡೆಯುವ ಸ್ಪ್ರೇಯನ್ನೂ ವೈದ್ಯರು ಹೇಳಿದಂತೆ ತೆಗೆದುಕೊಳ್ಳಿ. ಕೆಲವು ಗುಳಿಗೆ ನಿದ್ದೆ ತರುತ್ತವೆ, ನುಂಗಿ ಟ್ರ್ಯಾಕ್ಟರ್ ಹತ್ತಬೇಡಿ. ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಸದ್ದು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಏನು ಸೂಜಿ ಎಂದು ಕೇಳದೆ ಕೈ ಒಡ್ಡಬೇಡಿ.

ಎಲ್ಲ ಜಾಲಿಯನ್ನೂ ಕಡಿದುಬಿಡೋಣ ಎಂದು ಹೇಳುವುದು ಸುಲಭ. ಆದರೆ ಇಂದಿಗೂ ಎಷ್ಟೋ ಬಡವರ ಒಲೆ ಉರಿಯುವುದು ಅದರಿಂದಲೇ. ಬರಕ್ಕೆ ಆಸರೆಯಾಗಲೆಂದು ತಂದ ಮರ ಆಸರೆಯಾದದ್ದೂ ನಿಜ, ಉಸಿರಿಗೆ ಎರವಾದದ್ದೂ ನಿಜ. ಮನೆ, ಶಾಲೆ, ಅಂಗನವಾಡಿ ಪಕ್ಕದ್ದನ್ನಾದರೂ ಹೂ ಬಿಡುವ ಮೊದಲು ಬೇರುಸಹಿತ ತೆಗೆಸಲು ಪಂಚಾಯಿತಿಯಲ್ಲಿ ಕೇಳಬಹುದು.

ಗೆಳೆಯನ ಹಿತ್ತಲಲ್ಲಿ ಈಗ ಆ ಗಿಡಗಳಿಲ್ಲ. ಹಳ್ಳದ ದಂಡೆಯಲ್ಲಿ ಇವೆ. ಅವ್ವನ ಸೀನು ಪೂರ್ತಿ ನಿಂತಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತಿದೆ. ಕ್ಯಾಲೆಂಡರಿನಲ್ಲಿ ಅವರು ಇಟ್ಟ ಗುರುತುಗಳನ್ನು ನೋಡಿ ಪಕ್ಕದ ಮನೆಯ ಇಬ್ಬರು ತಮಗೂ ಹಾಗೇ ಆಗುತ್ತದೆ ಎಂದರಂತೆ. ಅವರೂ ಇಷ್ಟು ದಿನ ಅದನ್ನು ಥಂಡಿ ಎಂದೇ ತಿಳಿದಿದ್ದರು.