ಕೌಲೇಯಕ: ಕರ್ಣಾಟಕದ ಬೇಟೆನಾಯಿಯ ಕುಲವನ್ನು ಕುರಿತು ಕೆಲವು ವಿಚಾರಗಳು

ಅಮರಸಿಂಹನು ಶೂದ್ರವರ್ಗದಲ್ಲಿ ನಾಯಿಗೆ ಹೇಳಿರುವ ಹೆಸರುಗಳಲ್ಲಿ ಮೊದಲನೆಯದು ‘ಕೌಲೇಯಕ’ ಎಂಬುದು. ಪಾಠಶಾಲೆಯಲ್ಲಿ ನಾವೆಲ್ಲರೂ ಅದನ್ನು ಕಂಠಪಾಠ ಮಾಡಿದೆವೇ ಹೊರತು ಹಾಗೆಂದರೇನೆಂದು ಕೇಳಿದವರಿಲ್ಲ. ವ್ಯಾಕರಣಕ್ಕೆ ಬಂದಮೇಲೆ ತಿಳಿಯಿತು. ಕುಲ, ಕುಕ್ಷಿ, ಗ್ರೀವಾ ಎಂಬ ಮೂರು ಶಬ್ದಗಳಿಗೆ ನಾಯಿ, ಖಡ್ಗ, ಅಲಂಕಾರ ಎಂಬ ಅರ್ಥಗಳಲ್ಲಿ ಪಾಣಿನಿಯು ಬೇರೆಯೇ ಒಂದು ಪ್ರತ್ಯಯವನ್ನು ವಿಧಿಸಿದ್ದಾನೆ. ಕುಲದಲ್ಲಿ ಹುಟ್ಟಿದ ಮನುಷ್ಯನು ಕುಲೀನನು. ಕುಲದಲ್ಲಿ ಹುಟ್ಟಿದ ನಾಯಿ ಕೌಲೇಯಕ. ಕುಲವೆಂದರೆ ಮನೆಯೆಂದೂ ಅರ್ಥವುಂಟಾದ ಕಾರಣ ಇದು ಬರಿಯ ಮನೆನಾಯಿಯೆಂದು ವಾದಿಸುವುದಕ್ಕೆ ಅವಕಾಶವುಂಟು. ನಾನು ಅದನ್ನು ತಳ್ಳಿಹಾಕಲಾರೆ. ಆದರೆ ಬೇಟೆಯಲ್ಲಿ ಕುಶಲವಾದ ನಾಯಿಗೆ ‘ವಿಶ್ವಕದ್ರು’ವೆಂಬ ಪ್ರತ್ಯೇಕವಾದ ಹೆಸರನ್ನೂ ಅಮರನು ಅಲ್ಲಿಯೇ ಹೇಳಿರುವುದನ್ನು ನೋಡಿದರೆ, ನಾಯಿಗಳಲ್ಲಿ ಕೆಲಸದಿಂದ ಭೇದವನ್ನು ಎಣಿಸುವ ರೂಢಿಯು ಪ್ರಾಚೀನವೆಂಬುದು ಸ್ಪಷ್ಟವಾಗುತ್ತದೆ.

ಕೌಟಿಲ್ಯನು ವಿವೀತಾಧ್ಯಕ್ಷ ಪ್ರಕರಣದಲ್ಲಿ ಬೇಡರೂ ನಾಯಿಗಳ ಹಿಂಡನ್ನುಳ್ಳವರೂ ಅರಣ್ಯದಲ್ಲಿ ತಿರುಗುತ್ತಿರಬೇಕೆಂದೂ, ಕಳ್ಳರಾಗಲಿ ಶತ್ರುಗಳಾಗಲಿ ಬಂದರೆ ಶಂಖದುಂದುಭಿಗಳಿಂದ ಸೂಚನೆ ಕೊಡಬೇಕೆಂದೂ ಹೇಳುತ್ತಾನೆ. ನಾಯಿ ಸಾಕುವವನು ಇಲ್ಲಿ ರಾಜ್ಯದ ಕೆಲಸಕ್ಕೆ ಒದಗಿದವನು. ನಮ್ಮ ನಾಡಿನವನೇ ಆದ, ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ನಡುವೆ ಸಾರಮೇಯವಿನೋದವೆಂಬ ಪ್ರಕರಣವೇ ಇದೆ. ಆನೆ ಕುದುರೆಗಳ ಲಕ್ಷಣವನ್ನು ಹೇಳಿದ ಕೈಯೇ ನಾಯಿಯ ಲಕ್ಷಣವನ್ನೂ ಬರೆದಿದೆ. ಮಡಿಯ ಭಯದಿಂದಲೋ ಏನೋ, ನಮ್ಮ ಗುರುಗಳು ಆ ಭಾಗವನ್ನು ಪಾಠ ಹೇಳಲಿಲ್ಲ.

ಗ್ರಂಥಗಳಿಗಿಂತಲೂ ಬಲವಾದ ಸಾಕ್ಷ್ಯವು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ರೈಸ್, ಫ್ಲೀಟ್ ಮೊದಲಾದವರು ಪ್ರಕಟಿಸಿ ಚರ್ಚಿಸಿದ ಈ ಶಿಲೆಯು ವಾಚಕರಿಗೆ ಅಪರಿಚಿತವಲ್ಲ. ಆದರೆ ಚರಿತ್ರಕಾರರ ದೃಷ್ಟಿಯೆಲ್ಲ ಅದರ ಮೊದಲ ಭಾಗದ ಮೇಲೆಯೇ ನೆಟ್ಟಿದೆ: ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದ್ದು, ಗಂಗ ಬೂತುಗನು ಆ ರಾಜಾದಿತ್ಯನನ್ನು ಕೊಂದದ್ದು, ಅದಕ್ಕಾಗಿ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗಿನಾಡು ಎಪ್ಪತ್ತುಗಳನ್ನು ಪಡೆದದ್ದು. ಬೂತುಗನು ಹೇಗೆ ಕೊಂದನು, ಮೋಸದಿಂದಲೋ ಆನೆಯ ಮೇಲಿನ ಹೋರಾಟದಲ್ಲೋ ಎಂಬ ಒಂದು ಶಬ್ದದ ಚರ್ಚೆಗೆ ಎಷ್ಟೋ ಪುಟಗಳು ಸಂದಿವೆ. ಕಲ್ಲನ್ನು ನೆಟ್ಟದ್ದು ಇದಾವುದಕ್ಕಾಗಿಯೂ ಅಲ್ಲ, ಒಂದು ನಾಯಿಗಾಗಿ.

ಬೂತುಗನ ಸೇವಕನಾದ ಸಗರವಂಶದ ಮಣಲೆರನು ಆ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿ, ಬೇಡಿದ್ದನ್ನು ಕೊಡುವೆನೆಂದು ಒಡೆಯನು ಹೇಳಲಾಗಿ, ಅವನು ಕಾಳಿಯೆಂಬ ನಾಯನ್ನು ಬೇಡಿ ಪಡೆದನು. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಲ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಪರಸ್ಪರ ಕಾದಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಇರ್ಕಂಡುಗ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನಾಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವು ಅವನಿಗೆ ತಗಲುವುದೆಂದು ಶಾಸನವು ಕಟ್ಟುಮಾಡುತ್ತದೆ. ಭೂಮಿಯನ್ನು ಬೇಡಬಹುದಾಗಿದ್ದ ಸಮಯದಲ್ಲಿ ನಾಯನ್ನು ಬೇಡಿದ ಮಣಲೆರನಿಗೆ ಅದರ ಬೆಲೆಯು ಚೆನ್ನಾಗಿ ತಿಳಿದಿದ್ದಿರಬೇಕು. ಒಡೆಯನ ಬಳಿಯಲ್ಲಿಯೂ ಹಾಗೆ ಬೇಡತಕ್ಕ ನಾಯಿಯಿದ್ದಿತು. ಹೆಸರು ಪಡೆದ ನಾಯಿ, ಕೈಯಿಂದ ಕೈಗೆ ಪ್ರಸಾದವಾಗಿ ಬಂದ ನಾಯಿ, ಹಂದಿಗೆ ಬಿಡಲು ಪಳಗಿಸಿದ ನಾಯಿ: ಹತ್ತನೆಯ ಶತಮಾನದ ನಡುವಿನಲ್ಲಿ ಇಷ್ಟು ಮಾತ್ರ ನಿಶ್ಚಿತ.

ಇಷ್ಟನ್ನೇ ಹಿಡಿದು, ಕಾಳಿಯು ಇಂದಿನ ಮುಧೋಳ ನಾಯಿಯ ಪೂರ್ವಜಳೆಂದು ಈಚೆಗೆ ಕೆಲವರು ಬರೆಯುತ್ತಿದ್ದಾರೆ. ಬೂತುಗನಿಗೆ ದೊರೆತ ಕಿಸುಕಾಡು ಪಟ್ಟದಕಲ್ಲಿನ ಸೀಮೆಯಾದುದರಿಂದ ನಾಯಿಯೂ ಆ ಕಡೆಯಿಂದಲೇ ಬಂದಿರಬೇಕೆಂದು ಊಹಿಸುವ ಆಸೆಯು ನನಗೂ ಆಗಿತ್ತು. ಆದರೆ ಶಾಸನವು ನಾಯಿಯ ಊರನ್ನು ಹೇಳುವುದಿಲ್ಲ. ಮುಧೋಳದ ನಾಯಿಯು ನೀಳವಾದ ಮುಖ, ಆಳವಾದ ಎದೆ, ಸಣ್ಣ ನಡು, ಉದ್ದ ಕಾಲುಗಳುಳ್ಳದ್ದು; ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ಕಂಡು ಓಡಿ ಹಿಡಿಯುವುದು ಅದರ ಸ್ವಭಾವ. ಬಯಲುಸೀಮೆಯ ಮೊಲ ಜಿಂಕೆಗಳಿಗೆ ಅದು ಯಮಸ್ವರೂಪ. ಹಂದಿಯನ್ನು ಕಚ್ಚಿ ಬಿಡದೆ ನಿಲ್ಲುವ ನಾಯಿಯ ಮೈಕಟ್ಟು ಬೇರೆ. ಆದುದರಿಂದ ಈ ವಂಶಾವಳಿಯನ್ನು ಒಪ್ಪುವುದಕ್ಕೆ ಆಧಾರವಿಲ್ಲ. ಮುಧೋಳವೂ ಆತಕೂರೂ ಕೂಡುವುದು ಒಂದೇ ಕಡೆಯಲ್ಲಿ, ಅದೂ ಕಾಕತಾಳೀಯವಾಗಿ: ಶಾಸನದ ಶಕ ೮೭೨ರ ಸೌಮ್ಯ ಸಂವತ್ಸರದಲ್ಲಿಯೇ, ಎಂದರೆ ಕ್ರಿ. ಶ. ೯೪೯ರಲ್ಲಿ, ಕವಿ ರನ್ನನು ಮುಧೋಳದಲ್ಲಿ ಹುಟ್ಟಿದನು.

ಮುಧೋಳವೆಂಬ ಹೆಸರಾದರೂ ಈ ನಾಯಿಗೆ ಬಂದದ್ದು ಈಚೆಗೆ. ಆ ಸಂಸ್ಥಾನದ ಘೋರ್ಪಡೆ ಮನೆತನದ ಮಾಲೋಜಿರಾಯರು ಬೇಡರ ಬಳಿಯಿದ್ದ ನಾಯಿಗಳನ್ನು ಕಂಡು ಸಾಕಿಸಿ ತಳಿಯನ್ನು ಬೆಳೆಯಿಸಿದರೆಂದೂ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟಮೇಲೆ ಈ ಹೆಸರು ಹಬ್ಬಿತೆಂದೂ ಪ್ರತೀತಿ. ತಳಿಗಳನ್ನು ದಾಖಲಿಸುವ ಸಂಘಗಳಲ್ಲಿ ಒಂದು ಇದನ್ನು ಮುಧೋಳ ನಾಯಿಯೆಂದೂ ಇನ್ನೊಂದು ಕಾರವಾನ್ ನಾಯಿಯೆಂದೂ ಬರೆದುಕೊಳ್ಳುತ್ತವೆ. ೨೦೦೫ರಲ್ಲಿ ಅಂಚೆಯ ಚೀಟಿಯ ಮೇಲೆ ಇದರ ಚಿತ್ರವು ಬಂದಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನ ಕೇಂದ್ರವಿದೆ. ೨೦೧೬ರಲ್ಲಿ ಕೆಲವು ಮರಿಗಳನ್ನು ಸೇನೆಯವರು ಮೀರತ್ತಿಗೆ ತರಬೇತಿಗಾಗಿ ಒಯ್ದರು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಪಾಣಿನಿಯಿಂದ ಅಂಚೆಯ ಚೀಟಿಯವರೆಗೆ ನಾಯಿಯ ಹೆಸರುಂಟು, ಒಡೆಯನ ಹೆಸರುಂಟು. ತಾಯಿನಾಯಿಯನ್ನು ಆರಿಸಿ, ಮರಿಯನ್ನು ಬೆಳೆಯಿಸಿ, ಪಳಗಿಸಿ ಕೊಟ್ಟವನ ಹೆಸರು ಎಲ್ಲಿಯೂ ಇಲ್ಲ. ಕಾಳಿಯನ್ನು ಬೂತುಗನಿಗೆ ತಂದುಕೊಟ್ಟವನು ಯಾರು?

ಈ ಪ್ರಶ್ನೆಯು ನನ್ನಲ್ಲಿ ಹುಟ್ಟಿದ್ದು ಗ್ರಂಥದಿಂದಲ್ಲ. ಸುರಪುರದ ನಾಯಕರ ಸೀಮೆಗೆ ಹೊಂದಿರುವ ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯಲ್ಲಿ ಬೇಡರ ವಸತಿಗಳು ಬಹಳ. ಅಲ್ಲಿಯ ಒಂದು ಹಳ್ಳಿಗೆ ಹದಿನೈದು ವರ್ಷಗಳ ಕೆಳಗೆ ಓಲೆಯ ಕಟ್ಟೊಂದನ್ನು ನೋಡಲು ಹೋಗಿದ್ದೆನು. ಕಟ್ಟು ನಿಷ್ಪ್ರಯೋಜಕವಾಗಿತ್ತು. ಎಂಬತ್ತು ದಾಟಿದ ಮುದುಕನೊಬ್ಬನು ಮಾತ್ರ ನನಗೆ ದೊರೆತ ಲಾಭ. ಅರುವತ್ತು ವರ್ಷ ಬೇಟೆನಾಯಿಗಳನ್ನು ಸಾಕಿದವನು ಅವನು. ೧೯೭೨ರ ವನ್ಯಜೀವಿ ಕಾಯಿದೆಯು ಬೇಟೆಯನ್ನು ನಿಲ್ಲಿಸಿದ ಬಳಿಕ ಅವನ ನಾಯಿಗಳು ಹೊಲವನ್ನೂ ಕುರಿಹಟ್ಟಿಯನ್ನೂ ಕಾದುಕೊಂಡಿದ್ದವು. ನಾನು ಮಡಿಯವನೆಂದು ತಿಳಿದು ಅವನು ನಾಯಿಗಳನ್ನು ದೂರದ ಬೇವಿನ ಮರಕ್ಕೆ ಕಟ್ಟಿಸಿದನು. ನಾನೂ ಅಂಗಳದ ಹೊರಗೇ ನಿಂತೆನು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರಿಯನ್ನು ಹೇಗೆ ಆರಿಸುವೆಯೆಂದು ಕೇಳಿದೆನು. ಮರಿಯನ್ನಲ್ಲ, ಅದರ ಅಜ್ಜಿಯನ್ನು ನೋಡಬೇಕೆಂದನು. ಎಳೆಯ ನಾಯಿಯನ್ನು ಒಂಟಿಯಾಗಿ ಎಂದಿಗೂ ಓಡಿಸಬಾರದು, ಬಲ್ಲ ಹಳೆಯ ಹೆಣ್ಣಿನ ಜೊತೆಗೇ ಬಿಡಬೇಕು. ಅದು ತಿರುಗಿದಲ್ಲಿ ತಿರುಗುವುದನ್ನು ಕಲಿತ ಮೇಲೆ ಮಾತ್ರ ಮುಂದೆ ಬಿಡುವುದು. ಜೋಳದ ಅಂಬಲಿ, ಸಾಲದಿದ್ದರೆ ಕುರಿಯ ಹಾಲು. ಓಟದ ದಿನ ಬರಿಹೊಟ್ಟೆ. ಒಮ್ಮೆ ಯಾರೋ ಒತ್ತಾಯಿಸಿದ್ದಕ್ಕೆ ಪಟ್ಟಣದ ನಾಯಿಗಳ ಪ್ರದರ್ಶನಕ್ಕೆ ತನ್ನದೊಂದನ್ನು ಒಯ್ದಿದ್ದನಂತೆ. ಅಲ್ಲಿ ಎತ್ತರವನ್ನೂ ಬಣ್ಣವನ್ನೂ ನೋಡಿ ಅದನ್ನು ಹಿಂದಕ್ಕೆ ಹಾಕಿದರು. “ಓಡಸಲಾರ್ದ ನಾಯಿ ಏನ್ ನೋಡ್ತಾರ್ರೀ ಆಚಾರ್ರೆ, ಪಟ್ಟಿ ಹಿಡಕೊಂಡು?” ಎಂದು ನಕ್ಕನು. ಮಾನಸೋಲ್ಲಾಸದ ಲಕ್ಷಣಗಳ ಮಾತನ್ನು ನಾನು ಅಲ್ಲಿ ಎತ್ತಲಿಲ್ಲ.

ಹೊರಡುವ ಮೊದಲು, ಮರಕ್ಕೆ ಕಟ್ಟಿದ್ದ ಕೆಂದ ಹೆಣ್ಣುನಾಯಿಯ ಕುಲವನ್ನು ಹೇಳೆಂದೆನು. ನಾವು ಪ್ರವರವನ್ನು ಹೇಳುವಂತೆ ತಡವರಿಸದೆ ತಾಯಿಯ ಕಡೆಯಿಂದ ಏಳು ತಲೆಗಳನ್ನು ಹೇಳಿದನು. ನನ್ನ ಕೈಯಲ್ಲಿದ್ದ ಪಂಚಾಂಗದ ಹಿಂಬದಿಗೆ ಬರೆದುಕೊಂಡೆನು. ಎಂಟನೆಯದನ್ನು ಕೇಳಿದಾಗ, “ಅದು ನಮ್ಮಪ್ಪಗ ಗೊತ್ತಿತ್ತು” ಎಂದನು. ಯಾವ ಊರಿನಿಂದ ಯಾವ ಗಂಡುನಾಯಿಯನ್ನು ತಂದರೆಂದು ಕೇಳಲು ನನಗೆ ಆಗ ತೋಚಲಿಲ್ಲ. ಮುಂದಿನ ವರ್ಷ ಹೋಗುವಷ್ಟರಲ್ಲಿ ಅವನು ತೀರಿಕೊಂಡಿದ್ದನು, ಮಕ್ಕಳು ಕೂಲಿಗಾಗಿ ಊರು ಬಿಟ್ಟಿದ್ದರು, ನಾಯಿಗಳು ಯಾರ ಯಾರ ಮನೆಗೋ ಹೋಗಿದ್ದವು. ತಳಿಯ ಚರಿತ್ರೆಯನ್ನು ಶೋಧಿಸುವವರಿಗೆ ಉಪಯೋಗಕ್ಕೆ ಬಂದೀತೆಂದು ಆ ಏಳು ಹೆಸರುಗಳನ್ನು ಅವನು ಹೇಳಿದ ಕ್ರಮದಲ್ಲಿಯೇ ಇಲ್ಲಿ ಕೊಟ್ಟಿದ್ದೇನೆ: ಕೆಂಚಿ, ಅವಳ ತಾಯಿ ಬೆಳ್ಳಿ, ಅವಳ ತಾಯಿ ಚವುಡಿ, ಅವಳ ತಾಯಿ ಮಲ್ಲಿ, ಅವಳ ತಾಯಿ ಗಿಡ್ಡಿ, ಅವಳ ತಾಯಿ ಕಾಡಿ, ಅವಳ ತಾಯಿ ದೊಡ್ಡ ಕೆಂಚಿ.