ಮನೆಯ ಫೋನು ಮತ್ತು ಬೇಡದ ಕರೆ

ಭಾರತದ ಮೊದಲ ದೂರವಾಣಿ ವಿನಿಮಯ ಕೇಂದ್ರಗಳು 1882ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಶುರುವಾದವು. ನೂರು ವರ್ಷ ಕಳೆದ ಮೇಲೂ ಸಾಧಾರಣ ಮನೆಗೆ ಫೋನು ಬರಬೇಕಾದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಫೋನಿಲ್ಲದವರು ನೆರೆಮನೆಯ ಸಂಖ್ಯೆಯನ್ನೇ ‘ಪಿ.ಪಿ.’ ಎಂದು ಗುರುತಿಸಿ ಕೊಡುತ್ತಿದ್ದರು. ಪರವೂರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂರುವ ಕಾಲದಲ್ಲಿ ಗುರುತಿಲ್ಲದವರಿಗೆ ಫೋನಿನಲ್ಲೇ ಸಾಲ ಮಾರುವುದು ಯಾರಿಗೂ ಗಿಟ್ಟುವಂತಿರಲಿಲ್ಲ. ಕರೆ ದುಬಾರಿಯಾಗಿದ್ದುದೇ ಮನೆಗೆ ಕಾವಲಾಗಿತ್ತು.

1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಐಟಿಐ ದೂರವಾಣಿ ಕಾರ್ಖಾನೆ ಮೊದಲಿಗೆ ತಯಾರಿಸಿದ್ದು ಸ್ಟ್ರೌಜರ್ ಎಕ್ಸ್‌ಚೇಂಜ್ ಯಂತ್ರಗಳನ್ನು. ಡಯಲ್ ತಿರುಗಿದಂತೆ ಒಂದೊಂದೇ ಅಂಕಿಗೆ ಸರಿಯುವ ಆ ಸ್ವಿಚ್ಚುಗಳು ಕರೆದವರ ಸಂಖ್ಯೆಯನ್ನು ಎತ್ತಿಕೊಂಡವರಿಗೆ ತೋರಿಸುತ್ತಿರಲಿಲ್ಲ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ದೇಶದಲ್ಲೇ ಡಿಜಿಟಲ್ ಎಕ್ಸ್‌ಚೇಂಜ್ ರೂಪಿಸಿತು. ಅದರ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ನೆಲೆಗೊಂಡದ್ದು ಕಿತ್ತೂರಿನಲ್ಲಿ. ಚೆನ್ನಮ್ಮನ ಊರಿಗೆ ಇದು ಇನ್ನೊಂದು ಹೆಗ್ಗಳಿಕೆ, ನೆನೆಯುವವರು ಮಾತ್ರ ಕಡಿಮೆ. ಡಿಜಿಟಲ್ ಎಕ್ಸ್‌ಚೇಂಜ್ ಹರಡಿದಂತೆ ಕಾಯುವ ಪಟ್ಟಿ ಕರಗಿತು, ‘ಕಾಲರ್ ಐಡಿ’ ಪೆಟ್ಟಿಗೆ ಫೋನಿನ ಪಕ್ಕಕ್ಕೆ ಬಂತು.

ಅದರ ಬೆನ್ನಿಗೇ ಕಾವಲೂ ಕಳಚಿತು. 2003ರಿಂದ ಮೊಬೈಲಿಗೆ ಬರುವ ಕರೆ ಪುಕ್ಕಟೆಯಾಯಿತು. 2006ರಲ್ಲಿ ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿಯ ಯೋಜನೆ ತಂದಿತು. ಕ್ರೆಡಿಟ್ ಕಾರ್ಡು, ವಿಮೆ, ಸೈಟು ಮಾರುವವರಿಗೆ ಇದಕ್ಕಿಂತ ಅಗ್ಗದ ದಾರಿ ಬೇಕಿರಲಿಲ್ಲ.

ಬೇಡದ ಕರೆಗಳ ದೂರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2007ರಲ್ಲಿ ನಿಯಮ ಮಾಡಿ, ಕರೆ ಬೇಡವೆನ್ನುವವರ ರಾಷ್ಟ್ರೀಯ ಪಟ್ಟಿಯನ್ನು ತೆರೆಯಿತು. ಮನೆಯ ಲ್ಯಾಂಡ್‌ಲೈನನ್ನೂ ಅದಕ್ಕೆ ಸೇರಿಸಬಹುದಿತ್ತು. ಮಾರಾಟಗಾರರು ತಮ್ಮ ಪಟ್ಟಿಯನ್ನು ಇದರೊಂದಿಗೆ ತಾಳೆ ನೋಡಿ, ಸೇರಿದವರನ್ನು ಬಿಟ್ಟು ಉಳಿದವರಿಗಷ್ಟೇ ಫೋನು ಮಾಡಬೇಕಿತ್ತು. ತಪ್ಪಿದರೆ ಮೊದಲ ಸಲ ತೆರಬೇಕಾದದ್ದು 500 ರೂಪಾಯಿ. ಅಷ್ಟಕ್ಕೆ ಯಾರೂ ಹೆದರಲಿಲ್ಲ. 2011ರ ಸೆಪ್ಟೆಂಬರಿನಲ್ಲಿ ಜಾರಿಯಾದ ಹೊಸ ನಿಯಮ ದಂಡವನ್ನು 25,000ದಿಂದ 2.5 ಲಕ್ಷ ರೂಪಾಯಿವರೆಗೆ ಏರಿಸಿತು. ಎಲ್ಲವನ್ನೂ ತಡೆಯುವುದೋ, ಬ್ಯಾಂಕಿಂಗ್, ರಿಯಲ್ ಎಸ್ಟೇಟ್‌ನಂಥ ಏಳು ವಿಭಾಗಗಳಲ್ಲಿ ಬೇಕಾದುದನ್ನು ಉಳಿಸಿಕೊಳ್ಳುವುದೋ ಎಂಬ ಆಯ್ಕೆ 1909 ಸಂಖ್ಯೆಯ ಮೂಲಕ ಚಂದಾದಾರರಿಗೆ ಸಿಕ್ಕಿತು. ಟೆಲಿಮಾರ್ಕೆಟಿಂಗ್ ಕರೆಗೆ 140ರಿಂದ ಶುರುವಾಗುವ ಸಂಖ್ಯೆ ನಿಗದಿಯಾಯಿತು.

ಎಡವಟ್ಟಾದದ್ದು ಇಲ್ಲೇ. 140 ಕಂಡೊಡನೆ ಜನ ಫೋನು ಎತ್ತದಾದರು. ಎತ್ತಿಸಬೇಕೆಂಬವರು ನೋಂದಣಿಯನ್ನೇ ಬಿಟ್ಟು ಸಾಮಾನ್ಯ ಹತ್ತಂಕಿಯ ಸಂಖ್ಯೆಗಳಿಂದ ಕರೆಯತೊಡಗಿದರು. ನಿಯಮ ಪಾಲಿಸಿದವರಿಗೆ ನಷ್ಟ, ಮುರಿದವರಿಗೆ ಗಿರಾಕಿ. 2018ರ ನಿಯಮ ಗ್ರಾಹಕರ ಒಪ್ಪಿಗೆ ಮತ್ತು ಕಂಪನಿಗಳ ನೋಂದಣಿಯನ್ನು ಬ್ಲಾಕ್‌ಚೈನ್ ದಾಖಲೆಗೆ ತಂದಿತಾದರೂ ಮೊದಲು ಹದಕ್ಕೆ ಬಂದದ್ದು ಎಸ್‌ಎಂಎಸ್‌ಗಳು, ಕರೆಗಳಲ್ಲ. 2024ರ ಆಗಸ್ಟಿನಲ್ಲಿ ಟ್ರಾಯ್, ನೋಂದಣಿಯಿಲ್ಲದೆ ಪ್ರಚಾರದ ಕರೆ ಮಾಡುವವರ ಸಂಪರ್ಕಗಳನ್ನೆಲ್ಲ ಕತ್ತರಿಸುವಂತೆ ದೂರವಾಣಿ ಕಂಪನಿಗಳಿಗೆ ಆದೇಶಿಸಿತು. ಬ್ಯಾಂಕುಗಳಂಥ ಸಂಸ್ಥೆಗಳ ಸೇವಾ ಕರೆಗಳಿಗೆಂದು 1600ರ ಸರಣಿ ಬೇರೆಯಾಯಿತು. 2025ರ ತಿದ್ದುಪಡಿ ದೂರು ಕೊಡುವ ಗಡುವನ್ನು ಮೂರು ದಿನದಿಂದ ಏಳಕ್ಕೆ ವಿಸ್ತರಿಸಿತು. ಹತ್ತು ದಿನಗಳಲ್ಲಿ ಐದು ದೂರು ಬಂದರೂ ಕರೆ ಮಾಡಿದವರ ಮೇಲೆ ಕ್ರಮ ಕೈಗೊಳ್ಳಬಹುದೆಂದಿತು.